ಕಂಬಳಿಗಂಡಿಗೆ ಆ ಹೆಸರು ಬಂದದ್ದು

ಕರಿಬಂಡೆಹಟ್ಟಿಯಿಂದ ಪಡುವಲಿಗೆ ನಡೆದರೆ ಜಾಲಿ, ಕಾರೆ, ಕತ್ತಾಳೆ ಬೆಳೆದ ಬೆಟ್ಟಸಾಲೊಂದು ಎದುರಾಗುತ್ತದೆ. ಎಲ್ಲಿ ನೋಡಿದರೂ ಬಂಡೆ. ಆನೆಗಾತ್ರದ್ದು, ಮನೆಗಾತ್ರದ್ದು, ಒಂದರ ಮೇಲೊಂದು ಬಿದ್ದು ಇವತ್ತೋ ನಾಳೆಯೋ ಉರುಳುವಂತೆ ಕಾಣುತ್ತವೆ. ಉರುಳಿದ್ದನ್ನು ಕಂಡವರು ಯಾರೂ ಇಲ್ಲ. ಈ ಸಾಲಿನ ನಡುವೆ ಎರಡು ಗೋಡೆಬಂಡೆಗಳ ಮಧ್ಯೆ ಒಂದು ಗಾಡಿ ಹೋಗುವಷ್ಟು ಅಗಲದ ಸಂದು ಇದೆ. ಅದೇ ಕಂಬಳಿಗಂಡಿ. ಈಗ ಅಲ್ಲಿಗೆ ಅರ್ಧದವರೆಗೆ ಜೀಪು ಹೋಗುತ್ತದೆ, ಉಳಿದರ್ಧ ಏದುಸಿರು ಬಿಡುತ್ತ ಹತ್ತಬೇಕು. ಚಳಿಗಾಲದಲ್ಲಿ ಮಂಜು ಕಂಬಳಿಯ ಹಾಗೆ ಹೊದ್ದುಕೊಳ್ಳುವುದರಿಂದ ಈ ಹೆಸರು ಬಂತೆಂದು ಕೆಲವರು ಪೇಟೆಯಿಂದ ಬಂದವರಿಗೆ ಹೇಳುತ್ತಾರೆ. ಮಂಜಂತೆ, ಕಂಬಳಿಯಂತೆ! ಮಳೆಗೇ ಗತಿಯಿಲ್ಲದ ಈ ಸೀಮೆಯಲ್ಲಿ ಮಂಜು ಎಲ್ಲಿಂದ ಬರಬೇಕು? ಹಟ್ಟಿಯ ಹಿರಿಯರನ್ನು ಕೇಳಿದರೆ ಅವರು ನಗುತ್ತಾರೆ, ಕೂತುಕೊಳ್ಳಿ ಎನ್ನುತ್ತಾರೆ, ಆಮೇಲೆ ಚಿನ್ನೋಬಯ್ಯನ ಕಥೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಈ ಗುಡ್ಡ ಯಾರ ಸ್ವತ್ತೂ ಆಗಿರಲಿಲ್ಲ. ಉಳುವವನಿಗೆ ಬೇಡ, ಆಳುವವನಿಗೂ ಬೇಡವಾದ ನೆಲ. ಹತ್ತುವ ಕಾಲಿದ್ದವನದೇ ಗುಡ್ಡ. ಹಟ್ಟಿಯ ಬೇಡರು ಯುಗಾದಿ ಕಳೆದ ಮೇಲೆ ಅಲ್ಲಿ ಊರೊಟ್ಟಿನ ಜಿಂಕೆ ಬೇಟೆ ಆಡುತ್ತಿದ್ದರು. ಆಳುಗಳು ಕೆಳಗಿನ ಕಣಿವೆಯಿಂದ ತಮಟೆ ಬಡಿಯುತ್ತ ಹಿಂಡನ್ನು ಮೇಲಕ್ಕೆ ಎಬ್ಬಿಸಬೇಕು, ಹಿಂಡು ಈ ದೊಡ್ಡ ಗಂಡಿಗೆ ನುಗ್ಗಬೇಕು, ಅಲ್ಲಿ ಬಂಡೆಯ ಮೇಲೆ ಮೈವಾಸನೆ ತಿಳಿಯದಿರಲೆಂದು ಮೈಗೆಲ್ಲ ತಂಗಡಿ ಸೊಪ್ಪು ಉಜ್ಜಿಕೊಂಡು ಕೂತ ಒಬ್ಬನೇ ಬಿಲ್ಲುಗಾರ ಬಾಣ ಬಿಡಬೇಕು. ಆದರೆ ಗುಡ್ಡದಲ್ಲಿ ಸಣ್ಣಪುಟ್ಟ ಸಂದುಗಳು ಬೇಕಾದಷ್ಟು. ಅವನ್ನೆಲ್ಲ ಕಾಯಲು ಜನ ಸಾಲದು. ಅದಕ್ಕೆ ಹಟ್ಟಿಯವರು ಒಂದು ಉಪಾಯ ಮಾಡಿಕೊಂಡಿದ್ದರು. ವರ್ಷಗಟ್ಟಲೆ ಹೊದ್ದು ಬೆವರು ಕುಡಿದ ಹಳೆಯ ಕಂಬಳಿಗಳನ್ನು ಆ ಸಂದುಗಳ ಬಾಯಲ್ಲಿ ಪೊದೆಗೆ ಕಟ್ಟುವುದು. ಮನುಷ್ಯರ ವಾಸನೆ ಮೂಗಿಗೆ ಬಡಿದೊಡನೆ ಜಿಂಕೆ ಅತ್ತ ತಲೆ ಹಾಕುವುದಿಲ್ಲ. ಹೀಗೆ ಕಂಬಳಿ ಕಟ್ಟುವುದು ಮುದುಕರ ಕೆಲಸ.

ದೊಡ್ಡ ಗಂಡಿಯಲ್ಲಿ ಕೂರುವವನು ಯಾರೆಂದು ಬಾಯಿಮಾತಿನಲ್ಲಿ ತೀರ್ಮಾನವಾಗುತ್ತಿರಲಿಲ್ಲ. ಬೇಟೆಯ ಬೆಳಿಗ್ಗೆ ಎಲ್ಲರೂ ತಮ್ಮ ಬಿಲ್ಲುಗಳನ್ನು ದೇವರ ಕಟ್ಟೆಗೆ ಒರಗಿಸುತ್ತಿದ್ದರು. ಹಟ್ಟಿಯ ಯಜಮಾನ ಅವುಗಳಲ್ಲಿ ಒಂದನ್ನು ಎತ್ತಿ ಕಟ್ಟೆಯ ಮೇಲಿಡುತ್ತಿದ್ದ. ಆ ಬಿಲ್ಲಿನವನಿಗೆ ಗಂಡಿ, ಬೇಟೆಯಾದರೆ ಅವನಿಗೇ ತಲೆಯ ಪಾಲು. ಚಿನ್ನೋಬಯ್ಯನಿಗೆ ಮೀಸೆ ಮೂಡಿದ ಕಾಲದಿಂದ ಅದು ನರೆಯುವವರೆಗೆ ಯಜಮಾನರು ಬದಲಾದರೂ ಎತ್ತುತ್ತಿದ್ದ ಬಿಲ್ಲು ಮಾತ್ರ ಬದಲಾಗಿರಲಿಲ್ಲ. ಗಂಡಿಯನ್ನು ಅವನು ತನ್ನ ಮನೆಯ ಜಗುಲಿ ಎಂದೇ ತಿಳಿದಿದ್ದ. ಇನ್ನೊಬ್ಬರು ಸುಮ್ಮನೆ ಅಲ್ಲಿ ದಣಿವಾರಿಸಿಕೊಳ್ಳಲು ಕೂತರೂ ಅವನ ಮುಖ ಗಂಟಿಕ್ಕುತ್ತಿತ್ತು.

ಆದರೆ ವಯಸ್ಸು ಯಾರ ಮಾತು ಕೇಳುತ್ತದೆ? ಮೊದಲು ಮೊಣಕಾಲು ಹಿಡಿಯಿತು, ಆಮೇಲೆ ಬಲಭುಜ. ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಎಳೆಯುತ್ತಿದ್ದ ಕೈ ಎದೆಯ ಹತ್ತಿರವೇ ನಡುಗಿ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಅವನ ಮಗಳನ್ನು ಕೊಟ್ಟ ಅಳಿಯ ಬೋಸಯ್ಯ ಹಾರುವ ಕೌಜುಗವನ್ನು ಹೊಡೆದು ಕೆಡವುತ್ತಿದ್ದ. ಹಟ್ಟಿಯೆಲ್ಲ ಬೋಸಯ್ಯ, ಬೋಸಯ್ಯ. ಅಳಿಯನ ಹೊಗಳಿಕೆ ಕೇಳಿದರೆ ಮಾವ ಹಿಗ್ಗಬೇಕು. ಇವನಿಗೆ ಕರುಳಿಗೆ ಕೆಂಡ ಸುರಿದಂತಾಗುತ್ತಿತ್ತು. ಮೇಲಾಗಿ ಆ ಪುಣ್ಯಾತ್ಮ ಒಳ್ಳೆಯವನು. ಜಗಳಗಂಟನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವನೋ ಕಂಡಲ್ಲೆಲ್ಲ "ಮಾವಾ, ಕಾಲು ಹೇಗಿದೆ?" ಎಂದು ವಿಚಾರಿಸುತ್ತಿದ್ದ. ಆ ಪ್ರಶ್ನೆ ಕೇಳಿದಾಗಲೆಲ್ಲ ಚಿನ್ನೋಬಯ್ಯನಿಗೆ ಕೈಯಲ್ಲಿದ್ದ ಕೋಲನ್ನು ಬೀಸಿ ಎಸೆಯಬೇಕೆನಿಸುತ್ತಿತ್ತು.

ತನ್ನಿಂದ ಇನ್ನೂ ಆಗುತ್ತದೆಂದು ತೋರಿಸಲು ಆ ವರ್ಷ ಮಳೆಗಾಲ ಕಳೆದ ಮೇಲೆ ಅವನು ದಿನವೂ ಗುಡ್ಡ ಹತ್ತತೊಡಗಿದ. ಬೆಳಿಗ್ಗೆ ಅಂಬಲಿ ಕುಡಿದು, ಹೆಗಲಿಗೆ ಕಂಬಳಿ, ಕೈಗೆ ಬಿಲ್ಲು ತೆಗೆದುಕೊಂಡು ಹೊರಟರೆ ಗಂಡಿಯ ಬಾಯಲ್ಲೇ ಕೂತಿರುತ್ತಿದ್ದ. ಅಳಿಯ ಬಂದು ಜಾಗದ ರುಚಿ ನೋಡಬಾರದು, ಅಷ್ಟೇ. ಜಿಂಕೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಬಿಲ್ಲು ಎತ್ತಲು ಭುಜ ಒಪ್ಪುತ್ತಿರಲಿಲ್ಲ. ಸಂಜೆ ಬರಿಗೈಯಲ್ಲಿ ಇಳಿದು ಬಂದವನನ್ನು ಹೆಂಡತಿ ಬೋರಕ್ಕ ಮಾತಾಡಿಸಿದರೆ, "ಗಬ್ಬದ ಜಿಂಕೆ ಇತ್ತು, ಪಾಪ ಅಂತ ಬಿಟ್ಟೆ" ಎನ್ನುತ್ತಿದ್ದ. "ದಿನಾ ಗಬ್ಬದ್ದೇ ಬರುತ್ತೇನು?" ಎಂದು ಅವಳು ಒಲೆಯ ಕಡೆ ತಿರುಗಿಕೊಂಡು ಗೊಣಗುತ್ತಿದ್ದಳು.

ಯುಗಾದಿ ಬಂತು, ಬೇಟೆಯ ಬೆಳಿಗ್ಗೆಯೂ ಬಂತು. ಯಜಮಾನ ಪಾಪಯ್ಯ ಕಟ್ಟೆಯ ಮುಂದೆ ನಿಂತು ಬಿಲ್ಲುಗಳ ಮೇಲೆ ಕಣ್ಣಾಡಿಸಿದ. ಚಿನ್ನೋಬಯ್ಯ ಎದೆ ಸೆಟೆದು ನಿಂತಿದ್ದ. ಪಾಪಯ್ಯನ ಕೈ ಅವನ ಬಿಲ್ಲಿನ ಹತ್ತಿರ ಹೋಯಿತು, ಒಂದು ಕ್ಷಣ ಅಲ್ಲೇ ತಡೆಯಿತು, ಪಕ್ಕದಲ್ಲಿದ್ದ ಬೋಸಯ್ಯನ ಬಿಲ್ಲನ್ನು ಎತ್ತಿಕೊಂಡಿತು. ಪಾಪಯ್ಯ ಚಿನ್ನೋಬಯ್ಯನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ, "ಓಬಣ್ಣ, ನೀನು ಅನುಭವಸ್ಥ. ಈ ಸಲ ಕಂಬಳಿ ಕಟ್ಟಿಸೋದು ನಿನಗಿರಲಿ" ಎಂದ. ಕಂಬಳಿ! ಚಿನ್ನೋಬಯ್ಯನ ಕಿವಿ ಕೆಂಪಾಯಿತು. "ಆಯ್ತಪ್ಪಾ, ಕಟ್ತೀನಿ. ಚೆನ್ನಾಗೇ ಕಟ್ತೀನಿ" ಎಂದು ಕಂಬಳಿಗಳ ಹೊರೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಒಬ್ಬನೇ ಗುಡ್ಡ ಹತ್ತಿದ.

ಸಣ್ಣ ಸಂದುಗಳಿಗೆಲ್ಲ ಹಟ್ಟಿಯವರ ಕಂಬಳಿಗಳನ್ನು ಕಟ್ಟಿದ. ಕೊನೆಗೆ ದೊಡ್ಡ ಗಂಡಿಗೆ ಬಂದು, ತನ್ನ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು, ಜಿಂಕೆಗಳು ಬರುವ ಕಡೆಯ ಬಾಯಲ್ಲೇ ಕಾರೆ ಪೊದೆಗೆ ಬಿಗಿದ. ಹಟ್ಟಿಯಲ್ಲಿ ಅದಕ್ಕಿಂತ ನಾತದ ಕಂಬಳಿ ಇನ್ನೊಂದಿರಲಿಲ್ಲ. ಹಿಂಡು ಇದರ ವಾಸನೆಗೆ ಬೆದರಿ ಹಿಂದಕ್ಕೆ ತಿರುಗಿ, ತಮಟೆಯವರ ನಡುವೆಯೇ ನುಗ್ಗಿ ಓಡಬೇಕು. ಬೋಸಯ್ಯ ಬಂಡೆಯ ಮೇಲೆ ಸಂಜೆಯವರೆಗೆ ನೊಣ ಹೊಡೆಯುತ್ತ ಕೂತು ಬರಿಗೈಯಲ್ಲಿ ಇಳಿಯಬೇಕು. ಬರುವ ವರ್ಷ ಯಜಮಾನನ ಕೈ ತಡೆಯದೆ ತನ್ನ ಬಿಲ್ಲಿಗೇ ಬರಬೇಕು. ಇಷ್ಟನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತ ಅವನು ಮೇಲಿನ ಬಂಡೆಯ ಮರೆಯಲ್ಲಿ ಕೂತ.

ತಮಟೆ ಕೇಳಿತು. ಹಿಂಡು ಕಣಿವೆಯಿಂದ ಎದ್ದು ಬಂತು. ಮುಂದೆ ಒಂದು ಹಳೆಯ ಹೆಣ್ಣುಜಿಂಕೆ, ಹಿಂದೆ ಮರಿಗಳು, ಕಡೆಯಲ್ಲಿ ಹಟ್ಟಿಯವರು ಕಥೆಯಲ್ಲೂ ಕೇಳಿರದಂಥ ಕೊಂಬಿನ ಗಂಡು. ಒಂದು ಸಂದಿಗೆ ಹೋದವು, ಕಂಬಳಿಯ ವಾಸನೆಗೆ ಬೆಚ್ಚಿ ತಿರುಗಿದವು. ಇನ್ನೊಂದರಲ್ಲೂ ಹಾಗೇ ಆಯಿತು. ದಿಕ್ಕುಗೆಟ್ಟು ದೊಡ್ಡ ಗಂಡಿಯ ಮುಂದೆ ಬಂದು ನಿಂತವು. ಹಳೆಯ ಜಿಂಕೆ ಮೂಗೆತ್ತಿ ಗಾಳಿ ಮೂಸಿತು. ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಚಿನ್ನೋಬಯ್ಯ ಉಸಿರು ಬಿಗಿಹಿಡಿದ. ಅದು ತಿರುಗಲಿಲ್ಲ. ಕಿವಿ ಇಳಿಬಿಟ್ಟು ಪೊದೆಯ ಹತ್ತಿರ ಹೋಯಿತು. ಎಲಾ ಇದರ! ಕಂಬಳಿಯ ಅಂಚನ್ನು ನಾಲಗೆಯಿಂದ ನೆಕ್ಕಿತು. ಬೆವರಿನ ಉಪ್ಪು ರುಚಿಸಿರಬೇಕು. ಮರಿಗಳು ಅದರ ಪಕ್ಕದಲ್ಲೇ ಹಾದುಹೋದವು. ಬೇರೆಲ್ಲ ಕಡೆ ಅಪಾಯ ಕಂಡ ಹಿಂಡಿಗೆ ಅಲ್ಲೊಂದೇ ಧೈರ್ಯ ಸಿಕ್ಕಿತ್ತು. ಕೊಂಬಿನ ಗಂಡು ಸಾವಧಾನವಾಗಿ ಗಂಡಿಯೊಳಗೆ ಕಾಲಿಟ್ಟಿತು, ಬೋಸಯ್ಯನ ಬಾಣ ಅದರ ಪಕ್ಕೆಗೆ ನಾಟಿತು.

ಹಟ್ಟಿ ಕುಣಿದಾಡಿತು. ಬೋಸಯ್ಯ ಪೊದೆಯಲ್ಲಿದ್ದ ಕಂಬಳಿಯನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತಂದ. "ಹಿಂಡನ್ನ ಕರಕೊಂಡು ಬಂದಿದ್ದು ಮಾವನ ಕಂಬಳಿ. ನಾನು ಬಾಣ ಬಿಟ್ಟೆ, ಅಷ್ಟೇ" ಎಂದು ಎಲ್ಲರೆದುರು ಹೇಳಿ, ತಲೆಯ ಪಾಲನ್ನು ಮಾವನ ಮುಂದಿಟ್ಟ. ಚಿನ್ನೋಬಯ್ಯನಿಗೆ ತಡೆಯಲಾಗಲಿಲ್ಲ. "ಕರೆಯೋಕಲ್ಲ ಕಣ್ರಯ್ಯಾ ಕಟ್ಟಿದ್ದು! ಅವು ಓಡಿಹೋಗಲಿ, ಇವನ ಬೇಟೆ ಕೆಡಲಿ ಅಂತ ಕಟ್ಟಿದ್ದೆ!" ಎಂದು ಕೂಗಿದ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಓಬಣ್ಣನ ತಮಾಷೆ ನೋಡ್ರೋ" ಎಂದು ಪಾಪಯ್ಯ ಕಣ್ಣೊರೆಸಿಕೊಂಡ. ಬೋಸಯ್ಯ ಮಾತ್ರ ನಗಲಿಲ್ಲ, ಕಂಬಳಿಯನ್ನು ಮಡಚಿ ಮಾವನ ಹೆಗಲಿಗೆ ಹಾಕಿ ಹಿಂದೆ ಸರಿದ.

ಮನೆಯಲ್ಲಿ ಬೋರಕ್ಕ ಕೇಳಿದಳು. "ನೀನು ಹೇಳಿದ್ದು ದಿಟ ತಾನೆ? ನಿನ್ನ ಹೊಟ್ಟೆಕಿಚ್ಚು ನನಗೆ ಗೊತ್ತಿಲ್ವಾ?" ಅವನು ಹೌದೆಂದು ತಲೆಯಾಡಿಸಿದ. "ಈಗಲಾದರೂ ಬಿಟ್ಟುಬಿಡು. ಆ ಹುಡುಗ ನಿನ್ನ ಮಾನ ಕಾಯ್ದ" ಎಂದಳು. ಚಿನ್ನೋಬಯ್ಯ ಕಂಬಳಿಯನ್ನು ಮೂಲೆಗೆ ಎಸೆದ. "ಅವನ ಮಾತು ಹಾಳಾಗಲಿ ಕಣೇ. ಅವು ಹೆದರಲಿಲ್ಲ. ನನ್ನ ವಾಸನೆ ಹಿಡಿದೂ ಹೆದರಲಿಲ್ಲ" ಎಂದ.

ಮರುದಿನ ಅವನು ಬಿಲ್ಲು ಹಿಡಿದು ಮತ್ತೆ ಹತ್ತಿದ. ಉಳಿದ ಹಿಂಡು ಗಂಡಿಯ ಆಚೆ ಮೇಯುತ್ತಿತ್ತು. ಅವನು ಕೆಮ್ಮಿದ, ಕಾಲು ನೆಲಕ್ಕೆ ಬಡಿದ, ಹೋ ಎಂದು ಕಿರುಚಿದ. ಕೆಲವು ತಲೆಯೆತ್ತಿ ನೋಡಿದವು, ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. ಅಷ್ಟು ದಿನ ಅಳಿಯನಿಂದ ಜಾಗ ಕಾಯಲೆಂದು ಕೂತು ಕೂತು, ಜಿಂಕೆಗಳ ಪಾಲಿಗೆ ತಾನು ಗುಡ್ಡದ ಇನ್ನೊಂದು ಬಂಡೆಯಾಗಿದ್ದೇನೆಂದು ಆಗ ಅವನಿಗೆ ಅರ್ಥವಾಯಿತು. ಬಿಲ್ಲನ್ನು ಪಕ್ಕಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತ ಎನ್ನುತ್ತಾರೆ. ಅದಕ್ಕೂ ಅವು ಬೆದರಲಿಲ್ಲವಂತೆ. ಮುಂದೆ ಅವನು ಬದುಕಿರುವವರೆಗೆ ಹಟ್ಟಿಯವರು ಆ ಗಂಡಿಗೆ ಬೇರೆ ಕಂಬಳಿ ಒಯ್ಯಲಿಲ್ಲ, ಬೇಟೆಯ ದಿನ ಅವನದನ್ನೇ ಕೇಳಿ ಪಡೆಯುತ್ತಿದ್ದರು. ಅವನು ಬೈಯುತ್ತಲೇ ಕೊಡುತ್ತಿದ್ದ. ಹೀಗೆ ಗಂಡಿಗೆ ಕಂಬಳಿಯ ಹೆಸರು ನಿಂತಿತು.

ಈಗ ಬೇಟೆ ಇಲ್ಲ, ಆ ಗುಡ್ಡ ಅರಣ್ಯದವರ ಕಾವಲಿನಲ್ಲಿದೆ. ಆದರೂ ಗಂಡಿಗೆ ಹೋದವರು ಒಳಗಿನ ಗೋಡೆಬಂಡೆಯಲ್ಲಿ ಎದೆಮಟ್ಟದ ಒಂದು ಕೆತ್ತನೆಯನ್ನು ನೋಡುತ್ತಾರೆ. ಮಾವ ಸತ್ತ ಮೇಲೆ ಬೋಸಯ್ಯ ಮಾಡಿಸಿದ್ದಂತೆ. ಬೇರೆ ಬೇಟೆಗಲ್ಲುಗಳಲ್ಲಿ ಜಿಂಕೆ ಹಾರಿ ಓಡುತ್ತಿರುತ್ತದೆ. ಇಲ್ಲಿ ಒಬ್ಬ ಮುದುಕ ಮೊಣಕಾಲು ಮಡಚಿ ಕೂತಿದ್ದಾನೆ, ಜಿಂಕೆ ಅವನಿಗೆ ಬಾಲ ತೋರಿಸಿಕೊಂಡು ಮೇಯುತ್ತಿದೆ. ಮುಖ ಹೇಗಿರಲಿ ಎಂದು ಕಲ್ಲುಕುಟಿಗ ಕೇಳಿದಾಗ ಬೋಸಯ್ಯ, "ಶಾಂತವಾಗಿ ಮಾಡಬೇಡ, ಅದು ನಮ್ಮ ಮಾವ ಅಲ್ಲ. ನನ್ನನ್ನ ನೋಡಿ ಉರೀತಿರೋ ಹಾಗೆ ಮಾಡು" ಎಂದನಂತೆ. ಕುಟಿಗ ಹಾಗೆಯೇ ಮಾಡಿದ್ದಾನೆ. ಬಂದವರು ಎದುರು ನಿಂತು ಫೋಟೋ ತೆಗೆಯುತ್ತಾರೆ. ಆ ಮುದುಕ ತನ್ನ ಜಾಗದಲ್ಲಿ ನಿಂತವರನ್ನು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಾನೆ.