ಜೇಡ ಮೊದಲು ಎಳೆ ಇಳಿಬಿಟ್ಟು ನೋಡುವುದೇಕೆ

ಲೋಕಕ್ಕೆ ಇನ್ನೂ ಹೊಸತರ ವಾಸನೆ ಇದ್ದ ಕಾಲ ಅದು. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ, ಬಿಸಿ ಭೂಮಿಯ ಮೇಲೆ ಆಗತಾನೇ ಚಿಪ್ಪು ಕಟ್ಟಿತ್ತು. ಬೆಟ್ಟಗಳಿಗೆ ಆಗ ಕಾಲಿದ್ದವು. ಕೂರಲು ಜಾಗ ಹುಡುಕುತ್ತ ಅಲೆಯುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಬೆಟ್ಟ ದುಂಡಪ್ಪ. ಪಾಪ, ಅವನು ಕೂತಲ್ಲೆಲ್ಲ ನೆಲ ಕುಸಿಯುತ್ತಿತ್ತು, ಹೊಳೆ ನುಗ್ಗುತ್ತಿತ್ತು, ಇರುವೆ ಇಲಿಗಳು ಮನೆ ಕಳೆದುಕೊಳ್ಳುತ್ತಿದ್ದವು. ಒಂದು ದಿನ ಅವನು ಸಣ್ಣವ್ವ ಎಂಬ ಜೇಡದ ಬಂಡೆಯ ಬಳಿಗೆ ಬಂದ.

“ಮೊಣಕಾಲು ಸೋತಾವ ತಂಗಿ. ಇಲ್ಲೇ ಕುಂದರ್ತೀನಿ,” ಎಂದ.

ಸಣ್ಣವ್ವ ಅವನಿಗೆ ಅಡ್ಡ ಬಂದಳು. ಬಂಡೆಯಂಚಿನ ಬಿರುಕಿನಲ್ಲಿ ಅವಳ ಮೊಟ್ಟೆಗಳ ಚೀಲ ಅಂಟಿಕೊಂಡಿತ್ತು. ಕಿತ್ತರೆ ಹರಿಯುತ್ತದೆ. ಬಂಡೆ ಕುಸಿದರೆ ಮಕ್ಕಳೆಲ್ಲ ನೀರುಪಾಲು.

“ಬಂಡೆ ಗಟ್ಟಿ ಕಾಣಸ್ತೈತಿ,” ಎಂದಿತು ಗಾಳಿ.

“ಕುಂತ ಮ್ಯಾಲ ಗೊತ್ತಾಗತೈತಿ ಬಿಡು,” ಎಂದಿತು ಹೊಳೆ.

“ಆಮ್ಯಾಲ ಗೊತ್ತಾಗಿ ನಾ ಏನ ಮಾಡ್ಲಿ? ಮೊದಲ ನೋಡೇ ನೋಡ್ತೀನಿ,” ಎಂದಳು ಸಣ್ಣವ್ವ. ಹಠ ಹಿಡಿದರೆ ಬಿಡುವವಳೇ ಅಲ್ಲ ಅವಳು.

ಹತ್ತಿರದ ಜೌಗು ನೆಲದಲ್ಲಿ ಆಗಲೇ ಒಂದು ಗುಡ್ಡ ಕೂತಿತ್ತು. ದುಂಡಪ್ಪನನ್ನು ಕಾಯಲು ಹೇಳಿ ಸಣ್ಣವ್ವ ಅಲ್ಲಿಗೆ ಹೋಗಿ, ಗುಡ್ಡದ ಪಕ್ಕದ ಕೊಂಬೆಯಿಂದ ಎಳೆ ಬಿಟ್ಟು ಜೋತುಬಿದ್ದಳು. ಭಾರವಾದದ್ದು ಹಗುರವಾದದ್ದನ್ನು ಸೆಳೆಯುತ್ತದೆ; ಅಷ್ಟು ದೊಡ್ಡ ಗುಡ್ಡ ಅವಳನ್ನು ತನ್ನತ್ತ ಎಳೆಯಬೇಕಿತ್ತು. ಎಳೆ ವಾಲಲೇ ಇಲ್ಲ. ನೋಡಿದರೆ ಗುಡ್ಡ ಸೊಂಟದವರೆಗೆ ಹೂತುಹೋಗಿದೆ! ಅಡಿಯಲ್ಲಿದ್ದ ಭಾರದ ಕೆಸರನ್ನೆಲ್ಲ ಅತ್ತಿತ್ತ ತಳ್ಳಿಬಿಟ್ಟಿದೆ. ಗುಡ್ಡ ತಂದಷ್ಟೇ ಭಾರ ಕೆಸರಿನೊಂದಿಗೆ ಅಲ್ಲಿಂದ ಹೋದ ಮೇಲೆ ಎಳೆತವೂ ಹೋಗಿತ್ತು.

ಎಳೆ ವಾಲಿದರೆ ನೆಲ ಬೆಟ್ಟವನ್ನು ಹೊತ್ತುಕೊಂಡಿದೆ, ನೆಟ್ಟಗಾದರೆ ಬೆಟ್ಟ ಮುಳುಗುತ್ತಿದೆ. ಸಣ್ಣವ್ವನಿಗೆ ತಿಳಿದುಹೋಯಿತು.

ಮನೆಗೆ ಓಡಿ ಬಂದು ಬಿರುಕಿನ ಬಾಯಿಂದಲೇ ಎಳೆ ಇಳಿಬಿಟ್ಟಳು. “ನೀ ಉಸಿರು ಬಿಡಬ್ಯಾಡ,” ಎಂದು ಗಾಳಿಯನ್ನು ಗದರಿದಳು. “ದುಂಡಪ್ಪಣ್ಣ, ಒಂದ ಕಾಲು ಇಡು.”

ದುಂಡಪ್ಪ ಒಂದು ಕಾಲಿಟ್ಟ. ಎಳೆ ಅವನ ಕಡೆಗೆ ವಾಲಿತು.

“ಇನ್ನೊಂದು ಇಡು.”

ಎಳೆ ಇನ್ನಷ್ಟು ವಾಲಿತು. ಬಂಡೆ ನರಳಿತು. ಹೊಳೆಯ ನೀರು ಬಿರುಕಿನತ್ತ ಏರತೊಡಗಿತು.

“ಮುಳುಗಾಕತ್ತೈತಿ, ಓಡು ಸಣ್ಣವ್ವಾ,” ಎಂದಿತು ಹೊಳೆ.

ಸಣ್ಣವ್ವನಿಗೆ ಭಯವಾಯಿತು, ಬಹಳ ಭಯವಾಯಿತು. ಆದರೆ ಎಳೆ ನೆಟ್ಟಗಾಗಲಿಲ್ಲ. ಬಂಡೆ ಬಾಗಿತ್ತು ನಿಜ. ಬಿಗಿದ ಹಗ್ಗದ ಮಂಚದ ಹಾಗೆ, ಒಂದೇ ಕಡೆ ಗುಂಡಿ ಬೀಳದೆ, ದೂರದೂರದವರೆಗೆ ಭಾರ ಹಂಚಿಕೊಂಡು ತುಸುವೇ ಬಾಗಿತ್ತು.

“ಕುಂದ್ರಣ್ಣ,” ಎಂದಳು ಸಣ್ಣವ್ವ. ಜಾಗ ಬಿಟ್ಟು ಕದಲಲಿಲ್ಲ.

ದುಂಡಪ್ಪ ಕೂತ. ನೀರು ಬಿರುಕಿನ ಕೆಳಗೇ ನಿಂತಿತು. ಮೊಟ್ಟೆ ಚೀಲ ಒದ್ದೆಯಾಗಲಿಲ್ಲ. ಸಣ್ಣವ್ವ ಅದನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ದುಂಡಪ್ಪ ಮತ್ತೆ ಏಳಲಿಲ್ಲ. ಅವನನ್ನು ನೋಡಿ ಉಳಿದ ಬೆಟ್ಟಗಳೂ ತಿರುಗಾಟ ಬಿಟ್ಟವು. ಮರಿಗಳು ಹೊರಬಂದಾಗ ಸಣ್ಣವ್ವ ಬಲೆ ನೇಯುವುದನ್ನು ನಾಳೆಗೆ ಬಿಟ್ಟು, ಮೊದಲು ಜೋತುಬಿದ್ದು ನೋಡುವುದನ್ನು ಕಲಿಸಿದಳು. ಅದಕ್ಕೇ ಮಗು, ನಿನ್ನ ಕಿಟಕಿಯ ಮೂಲೆಯ ಜೇಡ ಇವತ್ತಿಗೂ ಬಲೆ ಹಾಕುವ ಮುಂಚೆ ಒಂದೇ ಎಳೆಯಲ್ಲಿ ಸುಮ್ಮನೆ ತೂಗಿ, ಈ ಜಾಗ ನನ್ನ ಮಕ್ಕಳನ್ನು ಹೊರುತ್ತದೆಯೇ ಎಂದು ಕೇಳುತ್ತದೆ.