ಮರಳುಹಕ್ಕಿ ರೆಕ್ಕೆ ಎಳೆಯುವುದೇಕೆ?

ಭೂಮಿ ಇನ್ನೂ ಹೊಸದಾಗಿತ್ತು. ತನ್ನ ದಡ ಎಲ್ಲಿಯವರೆಗೆ ಅಂತ ಕಡಲು ಆಗಿನ್ನೂ ಕಲಿಯುತ್ತಿತ್ತು. ಗಾಳಿ ಮರಳು ಹೊತ್ತು ತಂದು ಕಡಲ ಪಕ್ಕದಲ್ಲಿ ದೊಡ್ಡ ದೊಡ್ಡ ದಿಬ್ಬ ಕಟ್ಟಿತ್ತು.

ದಿಬ್ಬದ ಮೇಲೆ ಒಂದು ಪುಟ್ಟ ಮರಳುಹಕ್ಕಿ ಇತ್ತು. ಹೆದರಿಕೆ ಅಂದರೇನು ಅಂತಲೇ ಅದಕ್ಕೆ ಗೊತ್ತಿರಲಿಲ್ಲ. ಬಯಲು ಮರಳಲ್ಲೇ ಮೂರು ಮೊಟ್ಟೆ ಇಟ್ಟಿತ್ತು.

"ಗೂಡು ಕಟ್ಟೋದಿಲ್ವಾ ತಂಗಿ?" ಗಾಳಿ ಕೇಳಿತು.

"ಯಾಕಣ್ಣ? ಇಲ್ಲಿಗೆ ಯಾರು ಬರ್ತಾರೆ?"

ಬಂದರು. ಬೆಟ್ಟದಾಚೆಯ ಕೆರಿಯಜ್ಜ, ಅವನ ಮೊಮ್ಮಗಳು ದ್ಯಾವಿ. ಅಜ್ಜ ಹುಟ್ಟಿದಾಗಿನಿಂದ ಕಡಲು ಕಂಡವನಲ್ಲ. ಅದನ್ನು ನೋಡಲೆಂದೇ ಮೂರು ದಿನ ನಡೆದಿದ್ದ.

ದಿಬ್ಬದ ತುದಿ ಹತ್ತಿದವನೇ ಬಾಯಿ ತೆರೆದು ನಿಂತ. "ಅಯ್ಯಪ್ಪಾ! ಇಷ್ಟು ನೀರೇ!" ಅನ್ನುತ್ತ, ಕಡಲನ್ನೇ ನೋಡುತ್ತ ಕಾಲು ಮುಂದಿಟ್ಟ.

ಚಟ್!

"ಅಜ್ಜಾ, ಕಾಲು!" ದ್ಯಾವಿ ಕಿರುಚಿದಳು.

ಹಿಮ್ಮಡಿಗೆ ಹಳದಿ ಅಂಟಿತ್ತು. ಮರಳಿನ ಬಣ್ಣದ್ದೇ ಚಿಪ್ಪು ಚೂರಾಗಿ ಬಿದ್ದಿತ್ತು.

ಹಕ್ಕಿ ಕೂಗಲು ಕೊಕ್ಕು ತೆರೆಯಿತು, ದನಿ ಬರಲಿಲ್ಲ. ಹಾರಲು ನೋಡಿತು, ಆಗಲಿಲ್ಲ. ಏಟು ಬಿದ್ದಿರಲಿಲ್ಲ. ಆದರೂ ಎದೆ ಒಡೆದ ಆ ಗಳಿಗೆಯಲ್ಲಿ ಒಂದು ರೆಕ್ಕೆ ಸತ್ತ ಹಾಗೆ ಜೋತುಬಿತ್ತು. ಅದನ್ನು ಎಳೆದುಕೊಂಡು ಹಕ್ಕಿ ಮರಳಲ್ಲಿ ತೆವಳಿತು.

"ಅಯ್ಯೋ, ಇದರ ರೆಕ್ಕೆಯನ್ನೂ ಮುರಿದೆನಾ!" ಅಜ್ಜ ಕೈ ಚಾಚಿದ. "ಬಾರವ್ವಾ, ನೋಡ್ತೇನೆ."

ಹಕ್ಕಿ ತೆವಳಿತು, ಅಜ್ಜ ಹಿಂದೆ ಬಂದ. ಇನ್ನಷ್ಟು ತೆವಳಿತು, ಅಜ್ಜ ಇನ್ನಷ್ಟು ಬಂದ.

ದಿಬ್ಬದ ಆ ಬದಿಯಲ್ಲಿ ರೆಕ್ಕೆಗೆ ಮತ್ತೆ ಜೀವ ಬಂತು. ಹಕ್ಕಿ ಭರ್ರನೆ ಹಾರಿ ಮೇಲಿಂದ ನೋಡಿತು. ಉಳಿದೆರಡು ಮೊಟ್ಟೆ ಹಾಗೇ ಇದ್ದವು. ಆ ದೊಡ್ಡ ಕಾಲುಗಳು ಎಲ್ಲೋ ದೂರದಲ್ಲಿದ್ದವು.

"ರೆಕ್ಕೆ ಮುರಿದಿರಲಿಲ್ವಾ?" ಗಾಳಿ ದಂಗಾಯಿತು.

"ಇಲ್ಲಣ್ಣ. ಮುರಿದಿದೆ ಅಂದುಕೊಂಡು ಅವನು ನನ್ನ ಹಿಂದೆ ಬಂದ. ಮೊಟ್ಟೆ ಬಿಟ್ಟು ಬಂದ."

ಅಜ್ಜ ಮರಳಲ್ಲಿ ಕುಸಿದು ಕೂತಿದ್ದ. "ನೋಡಲೇ ಇಲ್ಲ ಮಗಾ, ನಾನು ಕೆಳಗೆ ನೋಡಲೇ ಇಲ್ಲ."

ದ್ಯಾವಿ ಕೈಹಿಡಿದು ಎಬ್ಬಿಸಿದಳು. "ನಾನು ಮುಂದೆ ಹೋಗ್ತೇನೆ. ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡು."

ಇಬ್ಬರೂ ಮರಳು ನೋಡಿ ನೋಡಿ ಇಳಿದರು. ಅಜ್ಜ ಮತ್ತೆ ಕಡಲ ಕಡೆಗೆ ತಲೆ ಎತ್ತಲಿಲ್ಲ.

ಉಳಿದೆರಡು ಮೊಟ್ಟೆಯೊಡೆದು ಬಂದ ಮರಿಗಳಿಗೆ ಹಕ್ಕಿ ಹಾರುವುದಕ್ಕಿಂತ ಮೊದಲು ರೆಕ್ಕೆ ಎಳೆಯುವುದನ್ನು ಕಲಿಸಿತು. ಅವು ತಮ್ಮ ಮರಿಗಳಿಗೆ ಕಲಿಸಿದವು.

ಅದಕ್ಕೇ ಮರೀ, ಇವತ್ತಿಗೂ ನೀನು ಕಡಲತಡಿಯ ದಿಬ್ಬ ಹತ್ತುವಾಗ ಪುಟ್ಟ ಹಕ್ಕಿಯೊಂದು ರೆಕ್ಕೆ ಎಳೆಯುತ್ತ ನಿನ್ನ ಮುಂದೆ ತೆವಳಿದರೆ, ಎತ್ತಿದ ಕಾಲು ಇಳಿಸುವ ಮೊದಲು ಕೆಳಗೆ ನೋಡಬೇಕು.