ಕೊನೆಗೆ ಕೈ ಹಾಕಿದವನು

"ಗುರುಗಳೇ, ತಪ್ಪು ನನ್ನದೆಂದು ಒಪ್ಪಿಕೊಂಡರೆ ಮಕ್ಕಳು ಮತ್ತೆ ನನ್ನನ್ನು ನಂಬುತ್ತಾರೆಯೇ?"

ಕೇಳಿದ ಶಿಷ್ಯ ಆಗಷ್ಟೇ ಪಾಠ ಹೇಳಲು ತೊಡಗಿದ್ದ. ಆ ದಿನ ಹಲಗೆಯ ಮೇಲೆ ಲೆಕ್ಕ ತಪ್ಪಿ, ತಪ್ಪು ಪುಸ್ತಕದ್ದೆಂದು ಹೇಳಿ ಬಂದಿದ್ದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸಿಕೊಡುತ್ತಿದ್ದಳು. ವಯಸ್ಸಾದ ವೈದ್ಯರೊಬ್ಬರು ಗಿಡಮೂಲಿಕೆಗಳ ಕುರಿತು ಬರೆದ ಗ್ರಂಥ ಅವಳ ಕೈಯಲ್ಲಿತ್ತು. ವೈದ್ಯರ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಕಾಣದಂತಾಗುವ ಮುಂಚೆ ತಮ್ಮ ಪುಸ್ತಕವನ್ನು ತಾವೇ ಓದಬೇಕೆಂಬುದು ಅವರ ಆಸೆ.

ಚಿತ್ರಗಳು ಹೆಚ್ಚಿದಂತೆ ಯಂತ್ರ ನಿಧಾನವಾಯಿತು. ಅವಳು ರಿಪೇರಿಯವನನ್ನು ಕರೆಸಿದಳು. ಮೆಮೊರಿ ಹೆಚ್ಚಲೆಂದು ಅವನು ಹಳೆಯ ರ‍್ಯಾಮ್ ಪಕ್ಕದಲ್ಲಿ ಹೊಸದೊಂದನ್ನು ಕೂರಿಸಿದ. ಯಾವ ಹೊಸ ಭಾಗವನ್ನೂ ಕುಂಕುಮ ಮುಟ್ಟಿಸದೆ ಅವನು ಒಳಗೆ ಹಾಕುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಯಂತ್ರದ ಒಳಗೆ ತನ್ನ ಹೆಸರಿನ ಚೀಟಿ ಅಂಟಿಸುತ್ತಿದ್ದ.

ಎರಡು ದಿನ ಯಂತ್ರ ಚೆನ್ನಾಗಿ ಓಡಿತು. ಮೂರನೆಯ ದಿನ ಸಾಫ್ಟ್‌ವೇರ್ ಕ್ರ್ಯಾಶ್ ಆಯಿತು. ಸೇವ್ ಮಾಡದ ಪುಟಗಳು ಹೋದವು. ಆಮೇಲೆ ದಿನಕ್ಕೆ ನಾಲ್ಕು ಸಲ ಹಾಗೆಯೇ ಆಗತೊಡಗಿತು. ಸಾಫ್ಟ್‌ವೇರ್ ಹಾಕಿಕೊಡುವವನು ಬಂದು, ಪುಸ್ತಕದ ಪುಟಗಳನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ. ವೈರಸ್ ಹುಡುಕಿದ. ಇರಲಿಲ್ಲ. ಒಂದು ವಾರ ಹೋಯಿತು. ರ‍್ಯಾಮನ್ನು ಯಾರೂ ಅನುಮಾನಿಸಲಿಲ್ಲ; ಕೂರಿಸಿದವನ ಹೆಸರು ಅಷ್ಟು ದೊಡ್ಡದು.

ಸುದ್ದಿ ಕೇಳಿ ರಿಪೇರಿಯವನು ಕರೆಯದೆಯೇ ಬಂದ.

"ನಿಮ್ಮ ಕೆಲಸದ ಮೇಲೆ ನನಗೇನೂ ಅನುಮಾನ ಇಲ್ಲ ಅಣ್ಣಾ," ಎಂದಳು ಅವಳು.

"ನನಗಿದೆ ತಾಯಿ. ಇದು ಕೆಡುವ ಮುಂಚೆ ಕೊನೆಗೆ ಕೈ ಹಾಕಿದವನು ನಾನು."

ಹೊಸದನ್ನು ತೆಗೆದು ಹಳೆಯ ರ‍್ಯಾಮ್ ಒಂದರಲ್ಲೇ ಯಂತ್ರ ನಡೆಸಿದ. ಇಡೀ ದಿನ ಕ್ರ್ಯಾಶ್ ಆಗಲಿಲ್ಲ. ಮರುದಿನ ಹಳೆಯದನ್ನು ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿದ. ಗಂಟೆಯೊಳಗೆ ಕ್ರ್ಯಾಶ್ ಆಯಿತು. ಹೊಸ ರ‍್ಯಾಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಯಂತ್ರಕ್ಕೆ ತಾಗಿ ಕೂರುವ ಚಿನ್ನದ ಬಣ್ಣದ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಅಂಟಿತ್ತು. ಅದು ಅವನ ಬೆರಳಿನ ಕುಂಕುಮ.

ಸಾಫ್ಟ್‌ವೇರಿನವನು ಬಾಗಿಲಲ್ಲಿ ನಿಂತು ನಕ್ಕ. "ಏನ್ ಯಜಮಾನ್ರೇ, ವಾರದಿಂದ ನಾನು ಹುಡುಕ್ತಿದ್ದ ವೈರಸ್ಸು ನಿಮ್ಮ ಪೂಜೆನೇನಾ?"

"ನನ್ನದೇ ಕಣಪ್ಪಾ," ಎಂದ ರಿಪೇರಿಯವನು. ತಲೆ ತಗ್ಗಿಸಲಿಲ್ಲ. "ಸಿಕ್ಕಿದ್ದೂ ನನ್ನ ಕೈಗೇ."

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅಂಚನ್ನು ಉಜ್ಜಿದ. ಕೂರಿಸುವ ಜಾಗಗಳನ್ನು ಬ್ರಷ್ಷಿನಿಂದ ಗುಡಿಸಿದ. ಎರಡನ್ನೂ ಹಾಕಿ ಮೂರು ದಿನ ಪರೀಕ್ಷಿಸಿದ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮುಚ್ಚುವ ಮುಂಚೆ ಒಳಗಿನ ಚೀಟಿಯಲ್ಲಿ ತನ್ನ ಹೆಸರಿನ ಕೆಳಗೆ ಆದ ತಪ್ಪನ್ನು ದಿನಾಂಕದೊಡನೆ ಬರೆದ, ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ.

ಪುಸ್ತಕ ಅಚ್ಚಾಗಿ ಬಂತು. ವೈದ್ಯರು ಅದನ್ನು ಕಣ್ಣಿನ ಹತ್ತಿರ ಹಿಡಿದು ಮೊದಲ ಪುಟವನ್ನು ತಾವೇ ಓದಿದರು.

ಇಲ್ಲಿಗೆ ಗುರು ನಿಲ್ಲಿಸಿದರು. ಶಿಷ್ಯ ಕೇಳಿದ: "ಆಮೇಲೆ ಊರಿನವರು ಅವನನ್ನು ಮತ್ತೆ ಕರೆದರೇ?"

"ನಿನ್ನ ಯಂತ್ರ ಕೆಟ್ಟಿದ್ದರೆ ನೀನು ಯಾರನ್ನು ಕರೆಯುತ್ತಿದ್ದೆ?" ಎಂದರು ಗುರು.